ಏಳು ಗ್ರಾಮಿನ ಗೋಳು

ಬೈಲಹೊಂಗಲದ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ತೂಕ, ಅಳತೆ ಕಲಿಸುವುದೇ ಕಸುಬು. ಅಂಥವನಿಗೆ ಸ್ವಂತ ಮನೆಯಲ್ಲಿ ಎರಡು ದಿನ ಒಂದೇ ರುಚಿಯ ಕಾಫಿ ಮಾಡಿಕೊಳ್ಳುವುದು ಆಗಲಿಲ್ಲ. ಒಂದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೆಡುವುದು ನಮ್ಮ ಮನೆಯ ಪದ್ಧತಿ.

ಪಟ್ಟಿ

ಎರಡು ಸಾವಿರದ ಇಸವಿ ಕಳೆದ ಮೇಲೆ ಪುಣೆಯಿಂದ ಎಸ್ಪ್ರೆಸೊ ಮಷೀನು, ಅಂದರೆ ಹಾಲಿಲ್ಲದ ಗಟ್ಟಿ ಕಾಫಿ ಇಳಿಸುವ ಯಂತ್ರ, ತಂದೆ. ಒಂದು ಕಪ್ಪಿಗೆ ಏಳು ಗ್ರಾಂ ಪುಡಿ ಎಂದು ಅದರ ಪುಸ್ತಕದಲ್ಲಿತ್ತು. ಜೊತೆಗೊಂದು ಚಮಚವೂ ಇತ್ತು. ಹೆಂಡತಿ ಒಂದು ದಿನ ಚಮಚದ ಮೇಲೆ ಗೋಪುರ ಕಟ್ಟಿ ಹಾಕುವಳು. ಕಾಫಿ ಬೇವಿನ ರಸದಂತೆ ತೊಟ್ಟಿಕ್ಕುತ್ತಿತ್ತು. ಮರುದಿನ ಅರ್ಧ ಹಾಕುವಳು, ತಿಳಿನೀರು ಸುರಿಯುತ್ತಿತ್ತು. ನಾನು ಶಾಲೆಯ ಪಟ್ಟಿ ತಂದು, ಚಮಚದ ಮೇಲೆ ಎಳೆದು ಸಮ ಮಾಡಿ ತೋರಿಸಿದೆ.

ಅವಳು ನಿಂತು ನೋಡಿದಳು. "ನಮ್ಮಪ್ಪ ವರಾ ನೋಡಾಕ ಬಂದಾಗ ನಿಮ್ಮ ಮ್ಯಾಲೂ ಹಿಂಗ ಒಂದ್ಸಲ ಪಟ್ಟಿ ಎಳದು ನೋಡಬೇಕಿತ್ರಿ," ಅಂದಳು.

ಪತ್ತಾರರ ತಕ್ಕಡಿ

ಚಮಚದ ಸಹವಾಸವೇ ಬೇಡವೆಂದು, ಪ್ಯಾಟಿಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಹತ್ತಿರ ಕಾಫಿ ಡಬ್ಬಿ ಒಯ್ದೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಅವರು ಉಸಿರು ಬಿಗಿಹಿಡಿದು ಏಳೇಳು ಗ್ರಾಂ ತೂಗಿ, ಗುಲಾಬಿ ಕಾಗದದಲ್ಲಿ ಹತ್ತು ಪುಡಿಕೆ ಕಟ್ಟಿಕೊಟ್ಟರು. ಮೂಗುಬೊಟ್ಟು ಮಾಡಿಸಲು ಬಂದಿದ್ದ ನಮ್ಮ ಓಣಿಯ ಒಬ್ಬ ಅಕ್ಕ, ನಾನು ಅವನ್ನು ಜೇಬಿಗಿಳಿಸುವುದನ್ನು ನೋಡಿದಳು.

ಪುಡಿಕೆಗಳನ್ನು ಕಪಾಟಿನಲ್ಲಿಟ್ಟು ಶಾಲೆಗೆ ಹೋದೆ. ಸಂಜೆ ಬಂದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಮಾಸ್ತರು ಹತ್ತು ಪುಡಿಕೆ ಬಂಗಾರ ತಂದಿದ್ದಾರೆಂದು ಸುದ್ದಿ. ನಡುವೆ ಕುಳಿತ ನನ್ನ ಹೆಂಡತಿ ಹತ್ತನ್ನೂ ಬಿಚ್ಚಿ, ಒಂದೇ ಪರಾತಕ್ಕೆ ಸುರಿದು ಬೆರಳಾಡಿಸುತ್ತಿದ್ದಳು.

"ತಳದಾಗರ ಐತೇನು ಅಂತ ನೋಡಾಕ ಹತ್ತೇನ್ರಿ," ಅಂದಳು.

ಮಾವನವರು

ಕಡೆಗೆ ಬೆಳಗಾವಿಗೆ ಹೋಗಿ ಸ್ವಂತಕ್ಕೊಂದು ಸಣ್ಣ ತಕ್ಕಡಿ ತಂದೆ. ರಾಮದುರ್ಗದಿಂದ ಮಾವನವರು ಬಂದ ದಿನ ಅವರೆದುರಿಗೇ ಪುಡಿ ತೂಗಿದೆ. ಹೆಚ್ಚಾಯಿತು, ಚಿಟಿಕೆ ತೆಗೆದೆ. ಕಡಿಮೆಯಾಯಿತು, ಅರ್ಧ ಚಿಟಿಕೆ ಉದುರಿಸಿದೆ. ಜನ್ಮದಲ್ಲಿ ಮೊದಲ ಸಲ ಪುಸ್ತಕದಲ್ಲಿ ಬರೆದಂತೆಯೇ ಜೇನಿನ ಬಣ್ಣದ ಕಾಫಿ ಇಳಿಯಿತು, ಕಪ್ಪಿನ ತಳದಲ್ಲಿ ಎರಡು ಬೆರಳು. ಮಾವನವರು ಕಪ್ಪಿನೊಳಗೆ ಬಹಳ ಹೊತ್ತು ನೋಡಿದರು. ಒಂದೇ ಗುಟುಕಿಗೆ ಕುಡಿದು, ಮಗಳ ತಲೆ ಸವರಿ ಬಸ್ಸಿಗೆ ಹೋದರು. ಮೆಚ್ಚಿಕೊಂಡರು ಅಂದುಕೊಂಡೆ.

ನಾಲ್ಕನೇ ದಿನ ಮನೆ ಮುಂದೆ ಟೆಂಪೊ ನಿಂತಿತು. ಅದರಲ್ಲಿ ಒಂದು ಎಮ್ಮೆ, ಪಕ್ಕಕ್ಕೆ ಅದರ ಕರು. ಟೆಂಪೊ ಓಡಿಸುವ ಚಾಚಾ ಇಳಿದು ನನ್ನನ್ನು ಮರುಕದಿಂದ ನೋಡಿದರು.

"ನಿಮ್ಮ ಮಾವಾರು ಕಳಿಸ್ಯಾರ್ರಿ. ಮಗಳ ಮನ್ಯಾಗ ಹನಿ ಹಾಲಿಲ್ಲ, ಅಳಿಯಾರು ಪುಡೀನೂ ತೂಗಿ ತೂಗಿ ಹಾಕ್ತಾರ, ಅಷ್ಟು ತ್ರಾಸದಾಗ ಅದಾರ ಅಂತ ಹೇಳಿ ಕಣ್ಣಾಗ ನೀರ ತಂದ್ರು."

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಕಟ್ಟೆಯ ಮೇಲೆ ಕುಂತೆ. "ಇದಕ್ಕ ದಿನಾ ಹಿಂಡಿ ಎಷ್ಟು ಹಾಕಬೇಕ್ರಿ ಚಾಚಾ?" ಅಂತ ಕೇಳಿದೆ.

ಅವರು ಹಗ್ಗವನ್ನು ನನ್ನ ಕೈಗಿಟ್ಟರು.

"ತೂಕ ಗೀಕ ಏನಿಲ್ರಿ ಸರ್. ಅಂದಾಜಿಲೆ ಹಾಕ್ರಿ."