ಹಾರು ಮೂಟೆ ಹಕ್ಕಿ

ಮೂವತ್ತನಾಲ್ಕು ವರ್ಷ ಬಾಯ್ಲರುಗಳ ಪಕ್ಕದಲ್ಲೇ ನಿಂತು ಸಂಬಳ ತಿಂದ ನಾನು ಜೀವನದಲ್ಲಿ ನಿಜವಾಗಿ ಹೆದರಿದ್ದು ಒಂದೇ ಒಂದಕ್ಕೆ, ‘ಹ’ ಅನ್ನುವ ಅಕ್ಷರಕ್ಕೆ. ಮದ್ದೂರು ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಈ ಅಕ್ಷರ ಸ್ಲೇಟಿನ ಮೇಲೆ ಸಿಗುತ್ತದೆ, ಬಾಯಲ್ಲಿ ಸಿಗುವುದಿಲ್ಲ. ನಾವು ಅಳ್ಳಿಯಲ್ಲಿ ಉಟ್ಟಿ, ಆಲು ಕುಡಿದು, ಅತ್ತನೇ ಕ್ಲಾಸು ಪಾಸಾದವರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಎದ್ದು ನಿಂತು ‘ಐಡ್ರಾಲಿಕ್ಸ್’ ಅಂದಾಗ ಇಡೀ ಕ್ಲಾಸು ಗೊಳ್ಳೆಂದಿತು. ಮಾನ ಹೋಯಿತಲ್ಲಪ್ಪಾ ಅಂತ ಹಾಸ್ಟೆಲಿನ ಕನ್ನಡಿಯ ಮುಂದೆ ಒಂದು ತಿಂಗಳು ‘ಹ ಹಾ ಹಿ ಹೀ’ ಅಂತ ಅಭ್ಯಾಸ ಮಾಡಿದೆ. ರೂಮಿನ ಜೊತೆಗಾರ ನನಗೆ ತಲೆ ಕೆಟ್ಟಿದೆ ಅಂತ ವಾರ್ಡನ್ನಿಗೆ ದೂರು ಕೊಟ್ಟ. ಅಷ್ಟು ಚೆನ್ನಾಗಿ ಕಲಿತವನು ವೈವಾ ದಿನ ಪರೀಕ್ಷಕರ ಮುಂದೆ ಗಂಭೀರವಾಗಿ ‘ಹಾಯಿಲ್ ಹಿಂಜಿನ್’ ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. ಪುಣ್ಯಕ್ಕೆ ಪಾಸು ಮಾಡಿದರು.

ರಿಟೈರ್ ಆದ ಮೇಲೆ ಮದ್ದೂರು–ಮಳವಳ್ಳಿ ರಸ್ತೆಯ ಒಂದು ಅಕ್ಕಿ ಗಿರಣಿಯಲ್ಲಿ ಸಲಹೆಗಾರನಾಗಿದ್ದೇನೆ. ಮಾಲೀಕ ಚಂದ್ರಣ್ಣ ಒಳ್ಳೆಯವನು, ಆದರೆ ಯಾವುದಾದರೂ ಪ್ರದರ್ಶನಕ್ಕೆ ಹೋದರೆ ಬರಿಗೈಯಲ್ಲಿ ಬರುವವನಲ್ಲ. ಈ ಸಲ ಎಐ ತಂದ. ಗ್ರಾಹಕರ ಫೋನನ್ನು ಯಂತ್ರವೇ ಎತ್ತುತ್ತದೆ, ಹೆಣ್ಣುದನಿಯಲ್ಲಿ ಕನ್ನಡ ಮಾತಾಡುತ್ತದೆ, ಆರ್ಡರು ಬರೆದುಕೊಳ್ಳುತ್ತದೆ. “ಒಂದು ತಿಂಗಳು ನೋಡಿ ರಿಪೋರ್ಟು ಕೊಡಿ ಸಾರ್. ಸರಿಹೋದರೆ ಫೋನಿನ ಹತ್ರ ಮನುಷ್ಯರು ಬೇಕಾಗಲ್ಲ” ಅಂದ. ಫೋನಿನ ಹತ್ತಿರ ಇದ್ದ ಮನುಷ್ಯರೆಂದರೆ ಸಾಕಮ್ಮ ಒಬ್ಬರೇ. ಹದಿನೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಫೋನು. ಅವರ ಮನೆಯ ಒಲೆ ಉರಿಯುವುದೂ ಅದರಿಂದಲೇ. ಫೋನ್ ಮುಟ್ಟಬೇಡಿ ಅಂತ ಹೇಳಿಸಿಕೊಂಡು, ಪಕ್ಕದಲ್ಲಿ ಸುಮ್ಮನೆ ಕೂತು ಯಂತ್ರದ ಮಾತು ಕೇಳಿಸಿಕೊಳ್ಳುತ್ತಿದ್ದರು.

ಮೊದಲ ದಿನವೇ ಚಿಕ್ಕರಸಿನಕೆರೆಯಿಂದ ಒಬ್ಬರು ಹಸುವಿಗೆ ಹೊಟ್ಟು ಬೇಕೆಂದು ಫೋನು ಮಾಡಿದರು. “ಒಟ್ಟು ಅದಾ?” ಅಂದರು. ಯಂತ್ರ ವಿನಯದಿಂದ “ಒಟ್ಟು ಎಷ್ಟು ಎಂದು ತಿಳಿಸಿ” ಅಂದಿತು. “ಒಟ್ಟು ಒಂದೈದು ಮೂಟೆ.” “ಒಟ್ಟು ಐದು ಮೂಟೆ, ಸರಿ. ಯಾವ ಪದಾರ್ಥ?” “ಒಟ್ಟು ಕಣಮ್ಮ!” “ಒಟ್ಟು ಐದು, ಬರೆದುಕೊಂಡಿದ್ದೇನೆ. ಪದಾರ್ಥ?” ಹೀಗೆ ಕಾಲು ಗಂಟೆ ನಡೆಯಿತು. ಕೊನೆಗೆ ಅವರು ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಯಂತ್ರ ಮಾತ್ರ ಅದನ್ನೂ ಶ್ರದ್ಧೆಯಿಂದ ಬರೆದುಕೊಂಡಿತ್ತು.

ನನಗೆ ಹುರುಪು ಬಂತು. ಇಂಥ ರೋಗ ನನಗೆ ಗೊತ್ತಿಲ್ಲವೇ? ತಕ್ಷಣ ಕಂಪನಿಯವರಿಗೆ ಫೋನು ಹಚ್ಚಿ, “ನೋಡಿ, ನಮ್ಮ ಕಡೆಯವರು ‘ಹ’ ನುಂಗುತ್ತಾರೆ. ಪದದ ಮೊದಲಲ್ಲಿ ಸ್ವರ ಬಂದರೆ ನಿಮ್ಮ ಯಂತ್ರ ಒಂದು ‘ಹ’ ಸೇರಿಸಿಕೊಳ್ಳಲಿ” ಅಂತ ಅಪ್ಪಣೆ ಕೊಡಿಸಿದೆ. ಎಂಥ ಸಮಸ್ಯೆಯನ್ನು ಎರಡೇ ವಾಕ್ಯದಲ್ಲಿ ಬಗೆಹರಿಸಿದೆ ಅಂತ ಬೀಗುತ್ತಾ ಕಾಫಿ ಕುಡಿದೆ. ಸಾಕಮ್ಮ ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ.

ನಾಲ್ಕನೇ ದಿನ ಪೂರಿಗಾಲಿಯ ಕರಿಯಪ್ಪ ಬೈಕು ನಿಲ್ಲಿಸಿದವನೇ ಆಫೀಸಿಗೆ ನುಗ್ಗಿದ. ಹದಿನೈದು ವರ್ಷದ ಗಿರಾಕಿ. ಮಾರನೆಯ ದಿನ ಅವನ ಹೊಸಮನೆಯ ಗೃಹಪ್ರವೇಶ, ಊರಿಗೆಲ್ಲ ಊಟ. “ಯಾವನ್ಲಾ ಅವ್ನು ನಂಗೆ ಅಕ್ಕಿ ಕೊಡಾಕಿಲ್ಲ ಅಂದೋನು? ಅಕ್ಕಿ ಮಿಲ್ಲು ಮಡಿಕ್ಕಂಡು ಅಕ್ಕಿ ಮಾರಾಕಿಲ್ವಂತೆ! ನಾನೇನು ಮಾಡಿದ್ನಪ್ಪ ನಿಮ್ಗೆ?” ಕೂಗುತ್ತಾ ಕೂಗುತ್ತಾ ಅವನ ದನಿ ಒಡೆಯಿತು. ಕೋಪಕ್ಕಿಂತ ನೋವೇ ಹೆಚ್ಚಿತ್ತು. ಗಾಬರಿಯಿಂದ ಪರದೆ ನೋಡಿದೆ. ಕರಿಯಪ್ಪ ಕೇಳಿದ್ದು ಆರು ಮೂಟೆ ಅಕ್ಕಿ. ಯಂತ್ರ ಬರೆದುಕೊಂಡದ್ದು: ‘ಹಾರು ಮೂಟೆ ಹಕ್ಕಿ.’ ಅಷ್ಟೇ ಅಲ್ಲ, ಅದೇ ವಾಪಸು ಫೋನು ಮಾಡಿ “ಕ್ಷಮಿಸಿ, ನಾವು ಹಕ್ಕಿ ಮಾರುವುದಿಲ್ಲ” ಅಂತ ಸ್ಪಷ್ಟವಾಗಿ ಹೇಳಿತ್ತು. ಅದೆಷ್ಟು ಸ್ಪಷ್ಟವಾಗಿ ಹೇಳಿದರೇನು, ಕರಿಯಪ್ಪನ ಕಿವಿಗೆ ಹಕ್ಕಿಯೂ ಅಕ್ಕಿಯೇ.

ಸಾಕಮ್ಮ ಎದ್ದು ಅವನಿಗೆ ನೀರು ಕೊಟ್ಟರು. “ಕರಿಯಣ್ಣ, ನಿಂಗೆ ಬೇಕಿರಾದು ತಿನ್ನೋ ಅಕ್ಕೀನೋ, ಆರೋ ಅಕ್ಕೀನೋ?” ಕರಿಯಪ್ಪ ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟು, ಆಮೇಲೆ ನೀರು ನೆತ್ತಿಗೇರುವಂತೆ ನಕ್ಕ. ಅರ್ಧ ಗಂಟೆಯಲ್ಲಿ ಆರು ಮೂಟೆ ಟೆಂಪೋ ಹತ್ತಿತು.

ಚಂದ್ರಣ್ಣ ಮಾತ್ರ ನಗಲಿಲ್ಲ. “ಈ ಯಂತ್ರ ದಂಡ ಸಾರ್. ಕೆಲಸಕ್ಕೆ ಬಾರದ್ದು ಅಂತ ಬರೆದುಕೊಡಿ, ವಾಪಸ್ ಕಳಿಸ್ತೀನಿ” ಅಂದು ಗಿರಣಿಯೊಳಗೆ ಹೋದ. ನನಗೆ ಇಕ್ಕಟ್ಟಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಮ್ಮನ ಕೆಲಸವೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ತಪ್ಪು ನನ್ನದು ಅಂದರೆ ಯಂತ್ರವನ್ನು ಸರಿಮಾಡುತ್ತಾರೆ, ಸಾಕಮ್ಮ ಮನೆಗೆ ಹೋಗುತ್ತಾರೆ. ಅವರ ಒಳ್ಳೆಯದಕ್ಕೇ ಸುಳ್ಳು ಬರೆಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡು ಪೆನ್ನು ತೆಗೆದೆ.

“ಬ್ಯಾಡಿ ಸಾ” ಅಂದರು ಸಾಕಮ್ಮ. “ನೀವು ಪೋನ್ನಲ್ಲಿ ಏಳಿದ್ದ ನಾನೇ ಕೇಳುಸ್ಕಂಡಿವ್ನಿ. ನನ್ ಕೆಲ್ಸ ಓದ್ರೆ ಓಗ್ಲಿ ಬುಡಿ. ಪಾಪ, ಆ ಎಣ್ಮಗ ನೀವು ಏಳ್ಕೊಟ್ಟಂಗೆ ಏಳ್ತು. ಅದ್ರ ಮ್ಯಾಲೆ ಯಾಕೆ ತಪ್ಪೊರುಸ್ತೀರಿ?”

ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಇದ್ದದ್ದು ಇದ್ದ ಹಾಗೆ ಬರೆದೆ. ಯಂತ್ರ ಕೆಟ್ಟಿಲ್ಲ, ಅದಕ್ಕೆ ಬುದ್ಧಿ ಹೇಳಿದವನು ಕೆಟ್ಟಿದ್ದಾನೆ. ಬಾಯ್ಲರಾಗಲಿ ಎಐ ಆಗಲಿ, ಪಕ್ಕದಲ್ಲಿ ಅದರ ಸದ್ದು ತಿಳಿದವರೊಬ್ಬರು ಕೂತಿರಬೇಕು. ಈ ಗಿರಣಿಯಲ್ಲಿ ಅಂಥ ಕಿವಿ ಇರುವುದು ಸಾಕಮ್ಮನವರಿಗೆ. ಚಂದ್ರಣ್ಣ ಎರಡು ಸಲ ಓದಿದ. ಆಮೇಲೆ, “ಸರಿ, ಯಂತ್ರಕ್ಕೆ ಸಾಕಮ್ಮನೇ ಪಾಠ ಹೇಳ್ಲಿ. ನೀವು ಬಾಯ್ಲರ್ ಹತ್ರಾನೇ ಇರಿ ಸಾರ್, ಫೋನಿನ ಕಡೆ ಬರಬೇಡಿ” ಅಂದ.

ಎರಡು ವಾರ ಸಾಕಮ್ಮ ಕೂತು ಹೇಳಿಕೊಟ್ಟರು. ಮೊನ್ನೆ, “ಒಂದ್ಸಲ ಮಾತಾಡಿ ನೋಡಿ ಸಾ” ಅಂತ ನನ್ನನ್ನೇ ಕರೆದರು. ನಾನು ಗಂಟಲು ಸರಿಮಾಡಿಕೊಂಡು, ಕನ್ನಡಿಯ ಮುಂದೆ ಕಲಿತ ಅಚ್ಚುಕಟ್ಟು ಕನ್ನಡದಲ್ಲಿ, “ಹಲೋ, ಹೀಗೆ ಹೇಳಲು ಹರ್ಷವಾಗುತ್ತದೆ, ನಮಗೆ ಆರು ಮೂಟೆ ಅಕ್ಕಿಯ ಅವಶ್ಯಕತೆ ಇದೆ” ಅಂದೆ.

“ಯಾವ್ ಕಡೆಯವ್ರಣ್ಣ ನೀವು? ತಿಳೀನಿಲ್ಲ, ಒಸಿ ಬುಡ್ಸಿ ಏಳಿ” ಅಂದಿತು ಯಂತ್ರ.

ಅತ್ತಿತ್ತ ನೋಡಿದೆ. ಚಂದ್ರಣ್ಣ ಇರಲಿಲ್ಲ. “ಅಲೋ, ಆರು ಮೂಟೆ ಅಕ್ಕಿ ಕಳ್ಸವ್ವ” ಅಂದೆ.

“ಆಯ್ತು ಕಣಣ್ಣ, ಆರು ಮೂಟೆ ಅಕ್ಕಿ.”

ಸಾಕಮ್ಮ ಕುರ್ಚಿಯಲ್ಲಿ ಒರಗಿಕೊಂಡು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಈಗ ಪಾಸಾದ್ರಿ ನೋಡಿ ಸಾ” ಅಂದರು.