ಅಳಿಯನ ಲೆಕ್ಕಕ್ಕೆ ಹೋದ ನನ್ನ ಕೊಬ್ಬು

ಚಿನ್ಮಯಿ, ಸುಹಾಸ, ವಯಸ್ಸಾದ ಮೇಲೆ ನಮ್ಮ ವಿಷಯವನ್ನು ನಮ್ಮನ್ನು ಬಿಟ್ಟು ಉಳಿದವರೆಲ್ಲ ಹೇಳುತ್ತಾರೆ. ಹಲ್ಲಿನ ವಿಷಯ ಡಾಕ್ಟರು ಹೇಳುತ್ತಾರೆ, ಕಣ್ಣಿನ ವಿಷಯ ಕನ್ನಡಕದ ಅಂಗಡಿಯವನು, ಮಂಡಿಯ ವಿಷಯ ಎದುರು ಫ್ಲಾಟಿನ ಮೇರಿಯಮ್ಮ. ಅದಕ್ಕೆಲ್ಲ ಒಗ್ಗಿಕೊಂಡಿದ್ದೆ. ಆದರೆ ಬಚ್ಚಲುಮನೆ ಬಾಗಿಲಲ್ಲಿ ಬಿದ್ದಿರುವ ತೂಕ ನೋಡುವ ಒಂದು ಗಾಜಿನ ಹಲಗೆಯೂ ನನ್ನ ವಿಷಯ ಮಾತಾಡುತ್ತದೆ, ಅದೂ ನನ್ನ ಹತ್ತಿರವಲ್ಲ, ನಿಮ್ಮಮ್ಮನ ಫೋನಿನ ಹತ್ತಿರ ಎಂದು ತಿಳಿದಾಗ ಸುಮ್ಮನೆ ಕೂತುಬಿಡೋಣ ಅನ್ನಿಸಿತು.

ಹೊಸಕೋಟೆ ಪಕ್ಕದ ನಮ್ಮೂರಿನಲ್ಲಿ ತಕ್ಕಡಿ ಇದ್ದದ್ದು ರೇಷ್ಮೆಗೂಡಿಗೆ. ಮನುಷ್ಯರನ್ನು ಕಣ್ಣಲ್ಲೇ ತೂಗುತ್ತಿದ್ದರು. 'ಮೈ ಇಳಿದುಹೋಗಿದೆ' ಅಂದರೆ ಇನ್ನೊಂದು ಮುದ್ದೆ ಬೀಳುತ್ತಿತ್ತು, 'ಮೈ ತುಂಬಿಕೊಂಡಿದೆ' ಅಂದರೆ ದೃಷ್ಟಿ ತೆಗೆಯುತ್ತಿದ್ದರು. ಲಿಂಗರಾಜಪುರದ ನಿಮ್ಮ ಮನೆಯ ಈ ಹಲಗೆಗೆ ಅಷ್ಟರಿಂದ ತೃಪ್ತಿಯಿಲ್ಲ. ಕೊಬ್ಬೆಷ್ಟು, ನೀರೆಷ್ಟು, ಮಾಂಸಖಂಡ ಎಷ್ಟು, ಮೂಳೆ ಎಷ್ಟು ಎಂದು ನನ್ನನ್ನು ಸಾರಿನ ಪಾತ್ರೆಯ ಹಾಗೆ ಕಲಕಿ ನೋಡುತ್ತದೆ.

ನಿಮ್ಮಮ್ಮ ಮೊದಲ ಸಲ ನನ್ನನ್ನು ಅದರ ಮೇಲೆ ಹತ್ತಿಸಿ, ಫೋನು ನೋಡಿ, ಮುಖ ಸಣ್ಣದು ಮಾಡಿಕೊಂಡಳು. "ಅಮ್ಮ, ಕೊಬ್ಬು ಜಾಸ್ತಿ, ಮಸಲ್ ತುಂಬಾ ಕಮ್ಮಿ. ಇನ್ಮೇಲೆ ಒಬ್ಳೇ ಬಸ್ ಹತ್ಕೊಂಡು ಶಿವಾಜಿನಗರಕ್ಕೆ ಹೋಗೋದೆಲ್ಲ ಬೇಡ. ಎಲ್ಲಾದ್ರೂ ಬಿದ್ಬಿಟ್ರೆ?"

"ಬೀಳೋಳಾಗಿದ್ರೆ ಇಷ್ಟೊತ್ತಿಗೆ ಬಿದ್ದಿರ್ತಿದ್ದೆ ಕಣೇ."

"ಮಸಲ್ ಏರಲಿ, ಆಮೇಲೆ ನೋಡೋಣ. ಸೊಪ್ಪು ಫೋನಲ್ಲೇ ತರಿಸ್ತೀನಿ."

ಫೋನಿನಲ್ಲಿ ಸೊಪ್ಪು ಬರುತ್ತದೆ, ಸೆಲ್ವಿ ಬರುವುದಿಲ್ಲ. ಸೆಲ್ವಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು. ನಾನು ಮೆತ್ತಗಿನ ಹೆಂಗಸು ಎಂದು ನೀವೆಲ್ಲ ತಿಳಿದಿದ್ದೀರಿ. ಅವಳ ಮುಂದೆ ನಿಂತರೆ ನನಗೆ ಎಲ್ಲಿಂದಲೋ ಗಂಟಲು ಬರುತ್ತದೆ. "ಇದೇನು ದಂಟೋ, ಸೌದೆಯೋ" ಎಂದು ನಾನು ಕನ್ನಡದಲ್ಲಿ, "ಸೌದೆ ಬೇಕಂದ್ರೆ ಡಿಪೋಗೆ ಹೋಗಕ್ಕಾ" ಎಂದು ಅವಳು ಅರ್ಧ ತಮಿಳಿನಲ್ಲಿ. ಚೌಕಾಸಿ ಮುಗಿಯುವ ಹೊತ್ತಿಗೆ ನಾಲ್ಕು ಜನ ನಿಂತು ನೋಡುತ್ತಿರುತ್ತಾರೆ. ನಿಮ್ಮ ತಾತ ಹೋದ ಮೇಲೆ ನಾನು ಜೋರಾಗಿ ಮಾತಾಡುವ ಜಾಗ ಅದೊಂದೇ. ಇದನ್ನು ಮಗಳಿಗೆ ಹೇಗೆ ಹೇಳುವುದು? ಅವಳು ಇದನ್ನೂ ಯಾವುದಾದರೂ ಡಾಕ್ಟರಿಗೆ ತೋರಿಸುತ್ತಾಳೆ.

ಸರಿ, ಮಸಲ್ ಏರಿಸೋಣ ಎಂದುಕೊಂಡೆ. ಮೆಟ್ಟಿಲು ಹತ್ತಿ ಇಳಿದೆ, ಹೆಸರುಕಾಳು ಮೊಳಕೆ ಕಟ್ಟಿ ತಿಂದೆ. ಏರಿತೋ ಇಲ್ಲವೋ ನೋಡಬೇಕಲ್ಲ. ಆದರೆ ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕುರ್ಚಿಯ ಮೇಲೂ ಕೂರುವುದಿಲ್ಲ, ನೇರ ಮಾತೂ ಆಡುವುದಿಲ್ಲ. "ಚಿನ್ಮಯಿ, ನಿಮ್ಮಪ್ಪ ಊಟಕ್ಕೆ ಬರ್ತಾರಾ ಕೇಳು" ಎಂದು ನಿಮ್ಮಪ್ಪ ಎದುರಿಗೇ ಕೂತಿದ್ದಾಗ ನಾನು ಕೇಳಿದ್ದಿದೆ. "ಬರ್ತೀನಿ ಅಂತ ಹೇಳಮ್ಮ" ಎಂದು ಅವರೂ ಹೇಳಿದ್ದಿದೆ. ಅಂಥವರ ಎದುರು ಸೀರೆ ಎತ್ತಿ ಹಿಡಿದು ಬರಿಗಾಲಲ್ಲಿ ಹಲಗೆ ಹತ್ತುವುದುಂಟೆ? ಹಾಗಾಗಿ ಬೆಳಗ್ಗೆ ಯಾರೂ ಏಳುವ ಮುಂಚೆ ಹತ್ತುತ್ತಿದ್ದೆ. ಹಲಗೆಯಲ್ಲಿ ಬರೀ ತೂಕ ಕಾಣುತ್ತಿತ್ತು. ಉಳಿದದ್ದು ಫೋನಿಗೆ ಹೋಗುತ್ತದೆ, ಏರಿದ ದಿನ ಮಗಳೇ ಬಂದು ಹೇಳುತ್ತಾಳೆ ಎಂದು ಕಾದೆ.

ಮಗಳು ಏನೂ ಹೇಳಲಿಲ್ಲ. ಬದಲಿಗೆ ನಿಮ್ಮಪ್ಪನ ತಟ್ಟೆಯಲ್ಲಿ ಮುದ್ದೆ ಅರ್ಧವಾಯಿತು. ಆಮೇಲೆ ತುಪ್ಪ ಹೋಯಿತು. ಭಾನುವಾರದ ಕೋಳಿಸಾರಿನಲ್ಲಿ ಬರೀ ಸಾರು ಉಳಿಯಿತು. "ಏನ್ರೀ ಇದು, ಒಂದೇ ಸಲ ಹಿಂಗೆ ಕೊಬ್ಬು ಏರಿದೆ? ಆಫೀಸ್ ಕ್ಯಾಂಟೀನಲ್ಲಿ ಏನ್ ತಿಂತೀರಾ?" ಎಂದು ನಿಮ್ಮಮ್ಮ ವಿಚಾರಣೆಗೆ ನಿಂತಳು. "ದೇವರಾಣೆ, ಮೊಸರನ್ನ ಕಣೇ" ಎಂದು ಆ ದೊಡ್ಡ ಮನುಷ್ಯ ಹೇಳುತ್ತಿದ್ದರೆ ಬಡಿಸುವ ನನಗೇ ಅಯ್ಯೋ ಅನ್ನಿಸುತ್ತಿತ್ತು. ಆದರೂ ಮನಸ್ಸಿನೊಳಗೆ, ಇರಬಹುದು, ಗಂಡಸರ ಮಾತು ನಂಬುವುದು ಹೇಗೆ ಎಂದೂ ಅಂದುಕೊಂಡೆ.

ಗುಟ್ಟು ಬಯಲು ಮಾಡಿದ್ದು ನೀನೇ, ಚಿನ್ಮಯಿ. ಬೆಳಗ್ಗೆ ನೀರು ಕುಡಿಯಲು ಎದ್ದವಳು ನಾನು ಹಲಗೆಯ ಮೇಲೆ ನಿಂತಿದ್ದನ್ನು ನೋಡಿ, ನಿಮ್ಮಮ್ಮನ ಫೋನು ತಂದು ನೋಡಿ, ಅಲ್ಲೇ ಕೂತು ನಗಲು ಶುರು ಮಾಡಿದೆ. "ಅಜ್ಜಿ, ಇದು ಮುಖ ನೋಡಲ್ಲ, ತೂಕ ನೋಡಿ ಹೆಸರು ಹಾಕತ್ತೆ. ನಿನ್ ತೂಕ, ಅಪ್ಪನ ತೂಕ ಹತ್ರ ಹತ್ರ ಒಂದೇ. ನೀನು ಹತ್ತಿದ್ದೆಲ್ಲಾ ಅಪ್ಪ ಅಂದ್ಕೊಂಡಿದೆ." ಆಮೇಲೆ ನನಗೆ ಪಾಠವನ್ನೂ ಹೇಳಿದೆ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಹೋಗುತ್ತದಂತೆ, ನೀರಿದ್ದ ಕಡೆ ಸಲೀಸಾಗಿ ಓಡಿ, ಕೊಬ್ಬಿದ್ದ ಕಡೆ ತಡವರಿಸುತ್ತದಂತೆ. ಉಳಿದದ್ದು ವಯಸ್ಸು, ಎತ್ತರ, ಹೆಣ್ಣೋ ಗಂಡೋ ನೋಡಿಕೊಂಡು ಮಾಡುವ ಅಂದಾಜಂತೆ. ಅಂದಾಜಿಗೇ ಆಗಿದ್ದರೆ ನಮ್ಮೂರಿನ ಮುದುಕಿಯರು ಸಾಲದೆ? ಅವರು ನನ್ನನ್ನು ಗಂಡಸು ಎಂದಂತೂ ಅನ್ನುತ್ತಿರಲಿಲ್ಲ.

ತಿಂಡಿಗೆ ಕೂತಾಗ ಎಲ್ಲರಿಗೂ ಗೊತ್ತಾಯಿತು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮಪ್ಪ ತಟ್ಟೆ ಸರಿಸಿ, ನನ್ನ ಕಡೆ ತಿರುಗಿ, ಮದುವೆಯಾದ ಮೇಲೆ ಮೊದಲ ಸಲ ನೇರವಾಗಿ ಮಾತಾಡಿದರು. "ಅತ್ತೆ, ಇಷ್ಟು ದಿನ ನಿಮ್ಮ ಕೊಬ್ಬು ನಾನು ಹೊತ್ಕೊಂಡು ತಿರುಗಿದೀನಿ. ಈಗ ಒಂಚೂರು ತುಪ್ಪ ಹಾಕಿ." ನಾನು ಹಾಕಿದೆ. ಸ್ವಲ್ಪ ಜಾಸ್ತಿಯೇ ಬಿತ್ತು. ಆಮೇಲೆ ನಿಮ್ಮಮ್ಮನಿಗೆ ಅವರೇ ಹೇಳಿದರು. "ಪಾಪ, ಅತ್ತೆ ಮಾರ್ಕೆಟ್ಟಿಗೆ ಹೋಗ್ಲಿ ಬಿಡೇ. ಒಬ್ರೇ ಬೇಡ ಅಂತ ತಾನೆ ನಿಂದು? ನಾನು ಬ್ಯಾಗ್ ಹಿಡ್ಕೊಂಡು ಜೊತೆಗೆ ಹೋಗ್ತೀನಿ."

ಅವರದು ಬಂಗಾರದಂಥ ಮನಸ್ಸು. ಅದರಿಂದಲೇ ನನಗೆ ಕಷ್ಟ. ಈಗ ವಾರವಾರ ಶಿವಾಜಿನಗರಕ್ಕೆ ಹೋಗುತ್ತೇನೆ. ಹಿಂದೆ ಬ್ಯಾಗು ಹಿಡಿದು ಅಳಿಯಂದಿರು ಬರುತ್ತಾರೆ. ಸೆಲ್ವಿಯ ಮುಂದೆ ಸೆರಗು ಹೊದ್ದು, ತಲೆ ತಗ್ಗಿಸಿ, ಅವಳು ಹೇಳಿದ ಬೆಲೆಗೆ, ಅವಳು ಕೊಟ್ಟ ಸೊಪ್ಪನ್ನು ಇಸಿದುಕೊಂಡು ಬರುತ್ತೇನೆ. ಹೋದ ಸಲ ಅವಳು ನನ್ನ ಮುಖವನ್ನೇ ನೋಡಿ, "ಏನಕ್ಕಾ, ಮೈ ಸರಿ ಇಲ್ವಾ?" ಎಂದಳು. ಮೈ ಸರಿಯಾಗಿಯೇ ಇದೆ, ಮಸಲ್ ಕೂಡ ಒಂದಿಷ್ಟು ಏರಿದೆಯಂತೆ ಎಂದು ಹೇಳಲು ಗಂಟಲೇ ಬರಲಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಆದರೆ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ನಿಮ್ಮಪ್ಪ ಪೇಪರ್ ಓದುವ ಮೇಜಿನ ಮೇಲೆ, ಕೈಗೆ ಸಿಗುವ ಹಾಗೆ, ಜೋಪಾನವಾಗಿ ಇಡಿ. ಬಾಯಿಬಿಟ್ಟು ಹೇಳುವುದು ನನ್ನಿಂದಾಗುವುದಿಲ್ಲ.