ಮನೆಯಿಲ್ಲದವನ ಸಂಬಂಧ

"ಇನ್ನು ಮೇಲೆ ಈ ಮನೆ ಕಂಪ್ಯೂಟರಿನೊಳಗೆ ಒಂದೇ ಒಂದು ಸಾಫ್ಟ್‌ವೇರೂ ಕಾಲಿಡಕೂಡ್ದು!"

ಹೆಬ್ಬಾಲೆಯ ತಿಮ್ಮಯ್ಯನವರು ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿಯ ಮುಂದೆ ಕುಳಿತು ಈ ಭೀಷಣ ಪ್ರತಿಜ್ಞೆ ಮಾಡಿದರು. ಪಶುವೈದ್ಯ ಇಲಾಖೆಯಲ್ಲಿ ಸುತ್ತಲಿನ ಊರುಗಳ ದನಕರುಗಳಿಗೆಲ್ಲ ಚುಚ್ಚುಮದ್ದು ಹಾಕಿ ನಿವೃತ್ತರಾದವರು ಅವರು. ಕಂಪ್ಯೂಟರ್ ಮಂದವಾಗಿದ್ದಕ್ಕೆ ಅವರು ಕಂಡುಹಿಡಿದ ಕಾರಣ ಅಜೀರ್ಣ. ಸಿಕ್ಕಿದ್ದನ್ನೆಲ್ಲ ಒಳಗೆ ತುರುಕಿದರೆ ಹೊಟ್ಟೆಯುಬ್ಬರ ಬರದೆ ಇನ್ನೇನು ಬರುತ್ತದೆ? ಮದ್ದನ್ನು ಮಡಿಕೇರಿಯಲ್ಲಿರುವ ಹಳೆಯ ಸಹೋದ್ಯೋಗಿ ನಾಣಯ್ಯ ಕೊಟ್ಟಿದ್ದರು. ಹೆಬ್ಬೆರಳಿನಷ್ಟು ದೊಡ್ಡ ಪೆನ್ ಡ್ರೈವ್, ಅದರೊಳಗೆ ಫೋಟೋ ನೋಡಲು, ಹಾಡು ಕೇಳಲು, ಪತ್ರ ಓದಲು ಬೇಕಾದ ಪೋರ್ಟಬಲ್ ಸಾಫ್ಟ್‌ವೇರುಗಳು. ಚುಚ್ಚಿದರೆ ಕೆಲಸ, ಕಿತ್ತರೆ ವಿಶ್ರಾಂತಿ. ಕಂಪ್ಯೂಟರಿನ ಹೊಟ್ಟೆಗೆ ಒಂದು ತುತ್ತೂ ಹೋಗುವುದಿಲ್ಲ.

"ನೋಡೇ ಚಿತ್ರಾ, ಇವನಿಗೆ ಮನೆ ಬ್ಯಾಡ, ಮಠ ಬ್ಯಾಡ. ಎಲ್ಲಿಗೆ ಕರ್ಕೊಂಡ್ ಹೋದ್ರೆ ಅಲ್ಲೇ ದುಡೀತಾನೆ. ಸಿಕ್ಕಿದ್ರೆ ಇಂಥೋನು ಸಿಗ್ಬೇಕು!"

ತಿಮ್ಮಯ್ಯನವರ ಬಾಯಲ್ಲಿ ಪಂಪ್‌ಸೆಟ್ಟು, ಸ್ಕೂಟರು, ಮಿಕ್ಸಿ ಯಾವುದೂ "ಅದು" ಅಲ್ಲ, ಎಲ್ಲವೂ "ಅವನು." ಹೋರಿಗಳ ಜೊತೆ ಮಾತಾಡಿ ಬಂದ ಅಭ್ಯಾಸ.

ಹೆಂಡತಿ ಚಿತ್ರಾ ಕಾವಲಿಯ ಮೇಲಿಂದ ಕಣ್ಣೆತ್ತಲಿಲ್ಲ. "ಹಂಗಾದ್ರೆ ಆ ತಿತಿಮತಿ ಹುಡುಗನ್ನ ಯಾಕ್ರೀ ನೇತಾಕಿದ್ದೀರಾ? ಅವನೂ ಎಲ್ಲಿಗೆ ಹಾಕಿದ್ರೂ ದುಡೀತಾನೆ."

"ಅದು ಬೇರೆ, ಇದು ಬೇರೆ. ಅವನು ಕ್ವಾರ್ಟರ್ಸಲ್ಲಿ ಇರೋನು. ಸ್ವಂತ ಮನೆ ಇಲ್ಲ. ಇವತ್ತು ತಿತಿಮತಿ, ನಾಳೆ ಇನ್ನೆಲ್ಲೋ."

ಎದುರಿಗೆ ಕುಳಿತಿದ್ದ ಮಗಳು ಶೋಭಿತಾ ಇನ್ನೊಂದು ರೊಟ್ಟಿ ಬೇಡವೆಂದು ಎದ್ದು ಹೋದಳು. ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ಅರಣ್ಯ ಇಲಾಖೆಯ ಪುನೀತ್ ಅವಳನ್ನು ನೋಡಿಕೊಂಡು ಹೋಗಿ ತಿಂಗಳ ಮೇಲಾಗಿತ್ತು. ಹುಡುಗನ ಕಡೆಯವರು ಒಪ್ಪಿ, ಇವರ ಉತ್ತರಕ್ಕಾಗಿ ಕಾದು ಕುಳಿತಿದ್ದರು. ಶೋಭಿತಾಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದಾನೆಂದು ತಾಯಿಗೆ ಗೊತ್ತಿತ್ತು, ತಂದೆಗೆ ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ.

ತಿಂಡಿ ಮುಗಿಸಿ ತಿಮ್ಮಯ್ಯನವರು ಚಿಕಿತ್ಸೆಗೆ ಕುಳಿತರು. ಮೊದಲ ತೊಡಕು ಅಲ್ಲೇ ಎದುರಾಯಿತು. ಫೋಟೋ ಒತ್ತಿದರೆ ಪೆನ್ ಡ್ರೈವಿನವನು ಏಳುವುದೇ ಇಲ್ಲ, ಹಳೆಯ ಸಾಫ್ಟ್‌ವೇರೇ ಓಡಿ ಬರುತ್ತದೆ! ನಾಣಯ್ಯನವರಿಗೆ ಫೋನು ಹೋಯಿತು.

"ಸಂಬಂಧ ಬದ್ಲಾಯಿಸ್ಬೇಕು ಮಾರಾಯಾ," ಎಂದರು ನಾಣಯ್ಯ. "ಯಾವ ಫೈಲಿಗೆ ಯಾರು ಅಂತ ಕಂಪ್ಯೂಟರಿಗೆ ನೀನೇ ಹೇಳ್ಬೇಕು. ಹೇಳಿದ್ರೆ ಅದು ಎರಡು ಗುಂಡಿ ತೋರಿಸ್ತದೆ, ಒಂದು ಒತ್ತು."

ಮನೆಯ ಕಂಪ್ಯೂಟರನ್ನು ಶೋಭಿತಾ ಕನ್ನಡಕ್ಕೆ ತಿರುಗಿಸಿಟ್ಟಿದ್ದಳು. ಪರದೆಯ ಮೇಲೆ ಎರಡು ಗುಂಡಿಗಳು ಬಂದವು. ಒಂದು "ಒಮ್ಮೆ ಮಾತ್ರ", ಇನ್ನೊಂದು "ಯಾವಾಗಲೂ". ಒಮ್ಮೆ ಮಾತ್ರ! ಅದೂ ಒಂದು ಮಾತೇ? ತಿಮ್ಮಯ್ಯನವರು ಹಿಂದೆ ಮುಂದೆ ನೋಡದೆ ಫೋಟೋಗಳಿಗೆ ಯಾವಾಗಲೂ, ಹಾಡುಗಳಿಗೆ ಯಾವಾಗಲೂ, ಪತ್ರಗಳಿಗೆ ಯಾವಾಗಲೂ ಒತ್ತಿ, ಮನೆಯ ಫೈಲುಗಳಿಗೆಲ್ಲ ಸಾಮೂಹಿಕ ವಿವಾಹ ಮಾಡಿಸಿ ಸ್ನಾನಕ್ಕೆ ಹೋದರು.

ತಲೆ ಒರೆಸಿಕೊಂಡು ಬಂದು ನೋಡಿದರೆ ಒಂದು ಫೈಲೂ ತೆರೆಯಲೊಲ್ಲದು!

"ಚಿತ್ರಾ! ಇಲ್ಲಿದ್ದೋನು ಎಲ್ಲೇ?"

"ಹಿಂದ್ಗಡೆ ಅವ್ನೆ. ಸೋಬಾನೆ ಪದ ತುಂಬಿಸ್ಕೊಳ್ಳೋಣ ಅಂತ ಮುಂದ್ಗಡೆ ನನ್ ಪೆನ್ ಡ್ರೈವ್ ಚುಚ್ಚಿದೆ. ನಿಮ್ಮೋನನ್ನ ಕಿತ್ತು ಹಿಂದಕ್ಕೆ ಹಾಕ್ದೆ. ತಪ್ಪಾಯ್ತಾ?"

ಮತ್ತೆ ನಾಣಯ್ಯನವರಿಗೆ ಫೋನು. ನಾಣಯ್ಯ ಸಮಾಧಾನವಾಗಿ ಬಿಡಿಸಿ ಹೇಳಿದರು. ಪೆನ್ ಡ್ರೈವಿಗೆ ಮೊದಲು 'ಇ' ಎಂಬ ವಿಳಾಸವಿತ್ತು. ಈಗ ಆ ವಿಳಾಸದಲ್ಲಿ ಚಿತ್ರಾ ಅವರ ಸೋಬಾನೆ ಪದಗಳು ಕುಳಿತಿವೆ. ತಿಮ್ಮಯ್ಯನವರದು 'ಎಫ್' ಎಂಬಲ್ಲಿಗೆ ವರ್ಗವಾಗಿದೆ. ಕಂಪ್ಯೂಟರ್ ಪಾಪ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟಿ ವಾಪಸು ಬರುತ್ತಿದೆ.

ತಿಮ್ಮಯ್ಯನವರ ಪಿತ್ತ ನೆತ್ತಿಗೇರಿತು. ಅದೇ ಹೊತ್ತಿಗೆ ಹೊರಗೆ ಜಗಲಿಗೆ ಒಬ್ಬರು ಬಂದು ಕುಳಿತರು. ಪುನೀತನ ಸೋದರಮಾವ ಪೂವಯ್ಯ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಉತ್ತರ ಕೇಳಿಕೊಂಡು ಹೋಗಲು ಬಂದಿದ್ದರು. ಅವರನ್ನು ಕೂರಿಸಿ, ಚಿತ್ರಾ ಕಾಫಿ ತರುತ್ತೇನೆಂದು ಒಳಗೆ ಹೋಗಿದ್ದರು. ಕೋಣೆಯಲ್ಲಿದ್ದ ತಿಮ್ಮಯ್ಯನವರಿಗೆ ಇದು ಗೊತ್ತಿರಲಿಲ್ಲ.

"ನಾಣಯ್ಯಾ, ಈ ಸಂಬಂಧ ನಂಗೆ ಬ್ಯಾಡ!" ಕಿಟಕಿಯಿಂದ ಧ್ವನಿ ಖಣಖಣನೆ ಹೊರಬಂತು. "ಕಿತ್ತಾಕೋದು ಹೆಂಗೆ ಅದನ್ ಹೇಳು. ಸ್ವಂತ ಮನೆ ಇಲ್ದೋನನ್ನ ತಂದು ಗಂಟು ಹಾಕ್ದಲ್ಲಪ್ಪ ನೀನು! ಜಾಗ ಬದ್ಲಾದ ತಕ್ಷಣ ಕೈ ಕೊಡ್ತಾನೆ ಅಂತ ಯಾಕೆ ಹೇಳ್ಲಿಲ್ಲ? ಏನು? ಇನ್ನೊಂದ್ಸಲ ನೋಡೋದಾ? ಬ್ಯಾಡ ಬ್ಯಾಡ! ಊರೂರು ತಿರುಗಿ ಬಂದೋನು, ಮೈಯಲ್ಲಿ ಯಾವ ಕಾಯಿಲೆ ಅದೋ! ನಮ್ ಮನೆಗೂ ಅಂಟಿಸ್ಬಿಟ್ಟಾನು!"

ಚಿತ್ರಾ ಕಾಫಿ ಹಿಡಿದು ಜಗಲಿಗೆ ಬಂದಾಗ ಅಲ್ಲಿ ಬಾಳೆಹಣ್ಣು ಮಾತ್ರ ಇತ್ತು. ಜೋಳದ ಹೊಲದಾಚೆ ಒಂದು ಕಪ್ಪು ಕೊಡೆ ಬಸ್ ನಿಲ್ದಾಣದ ಕಡೆಗೆ ಸರಸರನೆ ಹೋಗುತ್ತಿತ್ತು. ಸಂಬಂಧ ಮಾತಾಡಲು ಬಂದವರು ಕಾಫಿ ಮುಟ್ಟದೆ ಎದ್ದು ಹೋದರೆಂದರೆ ಏನರ್ಥವೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶೋಭಿತಾ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅಳುತ್ತಿರಲಿಲ್ಲ. "ಪುನೀತನ ಮಾವ ಬಂದಿದ್ರು. ನೀನು ಫೋನಲ್ಲಿ ಮಾತಾಡಿದ್ದೆಲ್ಲ ಅವ್ರ ಕಿವಿಗೆ ಬಿತ್ತು. ಕರ್ಕೊಂಡ್ ಬಾಪ್ಪ," ಎಂದಳು.

ಅಷ್ಟೇ ಮಾತು. ಮಗಳ ಮುಖ ನೋಡಿದ ತಿಮ್ಮಯ್ಯನವರಿಗೆ ಒಂದು ತಿಂಗಳಿಂದ ಕಾಣದ್ದು ಆಗ ಕಂಡಿತು. ಪೆನ್ ಡ್ರೈವನ್ನು ಕಿತ್ತುಕೊಂಡು, ಒಂದು ಕಾಲಿಗೆ ತಮ್ಮದು ಇನ್ನೊಂದು ಕಾಲಿಗೆ ಹೆಂಡತಿಯದು ಚಪ್ಪಲಿ ಮೆಟ್ಟಿ ಓಡಿದರು.

ಪೂವಯ್ಯ ನಿಲ್ದಾಣದ ಕಲ್ಲು ಬೆಂಚಿನಲ್ಲಿ ಕುಳಿತಿದ್ದರು. "ನಮ್ ಹುಡುಗನಿಗೆ ಕಾಯಿಲೆ ಅಂತ ನಿಮಗ್ಯಾರು ಹೇಳಿದ್ದು?" ಎಂದು ಕೇಳಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಅವನಿಗಲ್ಲ ಸ್ವಾಮಿ, ಇವನಿಗೆ!" ತಿಮ್ಮಯ್ಯನವರು ಅಂಗೈ ಬಿಚ್ಚಿ ತೋರಿಸಿದರು. ಏದುಸಿರು ಬಿಡುತ್ತಲೇ ಪೋರ್ಟಬಲ್ ಸಾಫ್ಟ್‌ವೇರು, ಫೈಲುಗಳ ಸಂಬಂಧ, ಸೋಬಾನೆ ಪದ, ಕಂಪ್ಯೂಟರಿಗೆ ಅಂಟುವ ವೈರಸ್ಸು ಎಲ್ಲವನ್ನೂ ವಿವರಿಸಿದರು. ಪೂವಯ್ಯ ಆ ಹೆಬ್ಬೆರಳುದ್ದದ ಅಪರಾಧಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸ್ವಂತ ಮನೆ ಇಲ್ದೋನು ಅಂದಿದ್ದು?"

"ಇವನನ್ನೇ."

"ಹಂಗಾದ್ರೆ ನಮ್ ಹುಡುಗನ ಬಗ್ಗೆ ಆ ಮಾತು ನೀವು ಆಡೇ ಇಲ್ಲ?"

ತಿಮ್ಮಯ್ಯನವರು ತಲೆ ತಗ್ಗಿಸಿ ತಮ್ಮ ಜೋಡಿಯಲ್ಲದ ಚಪ್ಪಲಿಗಳನ್ನು ನೋಡಿಕೊಂಡರು. "ಆಡಿದ್ದೆ. ಬೆಳಿಗ್ಗೆ, ತಿಂಡಿಗೆ ಕೂತಾಗ."

ಬಸ್ಸು ಬಂತು, ನಿಂತಿತು, ಹೋಯಿತು. ಪೂವಯ್ಯ ಏಳಲಿಲ್ಲ. ಆಮೇಲೆ ಕೊಡೆ ಎತ್ತಿಕೊಂಡರು. "ಅವನಿಗೆ ಮನೆ ಇಲ್ಲ ಅನ್ನೋದು ನಿಜಾನೇ. ಆದ್ರೆ ಹೋದ್ ಹೋದ್ ಕಡೆ ಕ್ವಾರ್ಟರ್ಸ್ ಮುಂದೆ ಒಂದು ಗಿಡ ನೆಟ್ಟು ಬರ್ತಾನೆ ಕಣ್ರೀ ನಮ್ ಹುಡುಗ. ನೀವೂ ಸುಳ್ಳು ಹೇಳ್ಲಿಲ್ಲ. ನಡೀರಿ, ಕಾಫಿ ಕುಡಿಯಾಣ."

ಮನೆಗೆ ಬಂದವರು ಮೊದಲು ಕಂಪ್ಯೂಟರಿನ ಮುಂದೆಯೇ ಕುಳಿತರು. ನೋಡದೆ ನಂಬುವ ಪೈಕಿಯವರಲ್ಲ ಪೂವಯ್ಯ. ತಿಮ್ಮಯ್ಯನವರು ನಾಣಯ್ಯ ಹೇಳಿಕೊಟ್ಟಂತೆ ಪೆನ್ ಡ್ರೈವಿನ ಸಂಬಂಧ ಕಿತ್ತುಹಾಕಿ, ಕೈಗೆ ಸಿಕ್ಕಿದ ಮೊದಲ ಫೈಲನ್ನು ಒತ್ತಿದರು. ಅದರ ಹೆಸರು "ಪುನೀತ್" ಎಂದಿತ್ತು. ಫೋಟೋ ತೆರೆಯಲಿಲ್ಲ, ಪೆಟ್ಟಿಗೆಯೊಂದು ಬಂದು ನಿಂತಿತು. ಹಳೆಯ ಸಾಫ್ಟ್‌ವೇರು ಅದರ ಮೊದಲ ಸಾಲಿನಲ್ಲಿ ವಿನಯದಿಂದ ಕಾಯುತ್ತಿತ್ತು. ಪೂವಯ್ಯ ಕನ್ನಡಕ ಏರಿಸಿ, ಲಗ್ನಪತ್ರಿಕೆ ಓದುವ ಗಾಂಭೀರ್ಯದಿಂದ ಗಟ್ಟಿಯಾಗಿ ಓದಿದರು.

"ಈ ಫೈಲನ್ನು ನೀವು ಹೇಗೆ ತೆರೆಯಲು ಬಯಸುವಿರಿ? ಒಮ್ಮೆ ಮಾತ್ರ. ಯಾವಾಗಲೂ." ಕನ್ನಡಕ ತೆಗೆದರು. "ಪರ್ವಾಗಿಲ್ವೇ! ಇದು ಕೇಳ್ಕೊಂಡು ಸಂಬಂಧ ಕಟ್ತದೆ. ನೀವು ಮಗೂನ ಕೇಳಿದ್ರಾ ತಿಮ್ಮಯ್ಯನೋರೇ?"

ಎಷ್ಟೋ ಹೋರಿಗಳನ್ನು ಮಣಿಸಿದ್ದ ಕೈ ಮೌಸಿನ ಮೇಲಿಂದ ಮೆಲ್ಲಗೆ ಇಳಿಯಿತು. "ಶೋಭೀ, ಬಾವ್ವಾ," ಎಂದರು. ಎದ್ದು ಕುರ್ಚಿ ಬಿಟ್ಟುಕೊಟ್ಟರು. "ನೀನೇ ಒತ್ತು."

ಶೋಭಿತಾ ಬಂದಳು. ಯಾರ ಮುಖವನ್ನೂ ನೋಡದೆ "ಯಾವಾಗಲೂ" ಒತ್ತಿದಳು. ಪರದೆಯ ತುಂಬ ಖಾಕಿ ಅಂಗಿಯ ಪುನೀತ್ ತೆರೆದುಕೊಂಡ. ಕಿವಿ ಕೊಂಚ ಅಗಲ, ಹಿಂದೆ ಕ್ವಾರ್ಟರ್ಸು, ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ನೇರಳೆ ಗಿಡ.

ತಿಮ್ಮಯ್ಯನವರಿಗೆ ಕಣ್ಣು ತುಂಬಿ ಬಂತು. ಟವೆಲಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಹಳೆಯ ಹುರುಪೂ ಮರಳಿ ಬಂತು. "ನೋಡ್ದೇನೇ ಚಿತ್ರಾ! ಹೆಣ್ಮಗೂನ ಕೇಳಿ, ಎರಡು ಗುಂಡಿ ಮುಂದಿಟ್ಟು ಸಂಬಂಧ ಕಟ್ಟೋ ಮನೆ ಕಣೇ ನಮ್ದು!"

ಚಿತ್ರಾ ಬಿಸಿ ಮಾಡಿ ತಂದ ಕಾಫಿಯನ್ನು ಮೊದಲು ಪೂವಯ್ಯನವರ ಮುಂದಿಟ್ಟರು, ಆಮೇಲೆ ಗಂಡನ ಮುಂದಿಟ್ಟರು.

"ನೋಡ್ದೆ ಬಿಡಿ. ನಮ್ ಕಾಲ್ದಲ್ಲಿ ಇದ್ದಿದ್ದು ಒಂದೇ ಗುಂಡಿ. ಅದನ್ನೂ ನಮ್ಮಪ್ಪನೇ ಒತ್ಬಿಟ್ರು."